ನೀರಿನಡಿಯ ಬಣ್ಣಕ್ಕೊಂದು ಲೆಕ್ಕ

ನೀರಿನೊಳಗೆ ತೆಗೆದ ಫೋಟೋದ ಬಣ್ಣದಲ್ಲಿ ಮೂವರ ಪಾಲಿರುತ್ತದೆ: ಮೀನಿನದು, ನೀರಿನದು, ಫೋಟೋ ತೆಗೆದವರದು. ನೆಲದ ಮೇಲೆ ತೆಗೆದ ಚಿತ್ರದಲ್ಲಿ ಈ ಪಾಲುಗಳನ್ನು ಬಿಡಿಸಿ ನೋಡುವುದು ಕಷ್ಟವಲ್ಲ. ಅಡಿಕೆಯ ಹಿಂಗಾರ ಯಾವ ಬಣ್ಣದ್ದೆಂದು ಮಲೆನಾಡಿನ ಮಕ್ಕಳಿಗೂ ಗೊತ್ತು. ಚಿತ್ರದಲ್ಲಿ ಅದು ಅತಿಯಾಗಿ ಹೊಳೆದರೆ ಕೈಚಳಕ ಕಣ್ಣಿಗೆ ಬೀಳುತ್ತದೆ. ಆದರೆ ಹೊಳೆಯ ಮಡುವಿನ ತಳದಲ್ಲಿ ಮೀನು ಯಾವ ಬಣ್ಣಕ್ಕೆ ಕಾಣುತ್ತದೆ ಎಂಬುದನ್ನು ಮುಳುಗಿ ನೋಡಿದವರು ಕಡಿಮೆ. ನೋಡುಗರ ಕೈಯಲ್ಲಿ ಹೋಲಿಸುವ ಅಳತೆಗೋಲೇ ಇಲ್ಲದಿರುವಾಗ ಚಿತ್ರ ತೋರಿಸಿದ್ದೇ ನಿಜವಾಗುತ್ತದೆ. ಆದ್ದರಿಂದ ಅಂತರ್ಜಾಲದ ಚಿತ್ರಶಾಲೆಗಳಲ್ಲಿ ಇಂಥ ಫೋಟೋ ಹಾಕುವವರು ಕ್ಯಾಮೆರಾ ಸೆಟ್ಟಿಂಗನ್ನೂ ಎಡಿಟಿಂಗ್ ವಿವರವನ್ನೂ ಕೊಡಬೇಕೆ ಎಂಬ ಪ್ರಶ್ನೆ, ಆ ಚಿತ್ರವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಯೇ ಆಗಿದೆ.

ಈ ಪ್ರಶ್ನೆ ಸಮುದ್ರಕ್ಕಿಳಿಯುವ ಕೆಲವರಿಗೆ ಮಾತ್ರ ಸೇರಿದ್ದಲ್ಲ. ನೀರು ಹೊಗದ ಕವಚದೊಳಗೆ ಮೊಬೈಲ್ ಇಟ್ಟು ಹಳ್ಳದಲ್ಲಿ ಮುಳುಗಿಸುವುದು, ಬೆರಳುದ್ದದ ಆ್ಯಕ್ಷನ್ ಕ್ಯಾಮೆರಾವನ್ನು ಕೋಲಿಗೆ ಕಟ್ಟಿ ಗುಂಡಿಗೆ ಇಳಿಬಿಡುವುದು ಈಗ ಯಾರಿಗಾದರೂ ಸಾಧ್ಯ. ಕೋಣಂದೂರು, ತೀರ್ಥಹಳ್ಳಿ, ಹೊಸನಗರ, ಸಾಗರದ ಸುತ್ತಿನ ಹಳ್ಳಗಳು ಮಳೆಗಾಲ ಕಳೆದು ದೀಪಾವಳಿ ದಾಟುವ ಹೊತ್ತಿಗೆ ತಿಳಿಯಾಗುತ್ತವೆ. ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ, ಶೃಂಗೇರಿಯ ತುಂಗೆಯ ಮೆಟ್ಟಿಲ ಬಳಿ ಮೀನುಗಳು ಮನುಷ್ಯರಿಗೆ ಹೆದರದೆ ಬರುತ್ತವೆ. ಘಟ್ಟ ಇಳಿದರೆ ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಕಡಲಿನಲ್ಲಿ ನೇತ್ರಾಣಿ ದ್ವೀಪವಿದೆ. ರಾಜ್ಯದಲ್ಲಿ ಸ್ಕೂಬಾ ಇಳಿಯುವವರು ಹೆಚ್ಚಾಗಿ ಹೋಗುವುದು ಅಲ್ಲಿಗೆ. ಹಳ್ಳ, ಹೊಳೆ, ಕಡಲು ಎಂಬ ಈ ಮೂರು ನೀರುಗಳು ಬೆಳಕನ್ನು ಮೂರು ಬಗೆಯಲ್ಲಿ ನಡೆಸಿಕೊಳ್ಳುತ್ತವೆ. ಮಾತು ಶುರುವಾಗಬೇಕಾದದ್ದು ಅಲ್ಲಿಂದ.

ನೀರು ಬೆಳಕನ್ನು ಏನು ಮಾಡುತ್ತದೆ

ನೀರು ಬೆಳಕಿನ ಬಣ್ಣಗಳಲ್ಲಿ ಮೊದಲು ನುಂಗುವುದು ಕೆಂಪನ್ನು. ತಿಳಿಯಾದ ಸಮುದ್ರದಲ್ಲಿ ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪಿನ ಬಹುಪಾಲು ಹೋಗಿರುತ್ತದೆ. ಇನ್ನೂ ಇಳಿದಂತೆ ಕಿತ್ತಳೆ ಹೋಗುತ್ತದೆ, ಆಮೇಲೆ ಹಳದಿ. ಉಳಿಯುವುದು ಹಸಿರು ಮತ್ತು ನೀಲಿ. ಇಲ್ಲಿ ಲೆಕ್ಕಕ್ಕೆ ಬರುವುದು ಬೆಳಕು ನೀರಿನಲ್ಲಿ ನಡೆದ ಒಟ್ಟು ದಾರಿ. 10 ಮೀಟರ್ ಆಳದಲ್ಲಿರುವ ಮೀನನ್ನು 2 ಮೀಟರ್ ದೂರದಿಂದ ತೆಗೆದರೆ ಬಿಸಿಲು ನೀರಿನೊಳಗೆ 12 ಮೀಟರ್ ನಡೆದು ಲೆನ್ಸ್ ಮುಟ್ಟುತ್ತದೆ. ಅದರಲ್ಲಿ ಕೆಂಪು ಇಲ್ಲವೆಂದೇ ಹೇಳಬೇಕು. ಅದೇ ಮೀನಿನ ಹತ್ತಿರ ಸರಿದು 30 ಸೆಂಟಿಮೀಟರ್ ದೂರದಿಂದ ಫ್ಲ್ಯಾಶ್ ಬಿಟ್ಟರೆ ಬೆಳಕಿನ ದಾರಿ ಹೋಗಿ ಬಂದು 60 ಸೆಂಟಿಮೀಟರ್. ಕೆಂಪು ಬಹುಮಟ್ಟಿಗೆ ಮರಳುತ್ತದೆ. ಒಂದೇ ಮೀನು, ಒಂದೇ ಆಳ, ಒಂದೇ ಕ್ಯಾಮೆರಾ. ಆದರೂ ಒಂದು ಚಿತ್ರದಲ್ಲಿ ಮೀನು ಬೂದಿ ಬಣ್ಣದ್ದು, ಇನ್ನೊಂದರಲ್ಲಿ ಕೆಂಡದ ಬಣ್ಣದ್ದು. ಎರಡರಲ್ಲಿ ಯಾವುದೂ ಸುಳ್ಳಲ್ಲ. ಮೊದಲನೆಯದು ಮುಳುಗಿದವರ ಕಣ್ಣಿಗೆ ಕಂಡದ್ದು, ಎರಡನೆಯದು ಮೀನಿನ ಚರ್ಮದಲ್ಲಿ ಇರುವುದು. ಯಾವುದನ್ನು ತೋರಿಸಲಾಗುತ್ತಿದೆ ಎಂದು ಚಿತ್ರದ ಜೊತೆ ಹೇಳದಿದ್ದರೆ ನೋಡುಗರಿಗೆ ತಿಳಿಯುವ ದಾರಿಯಿಲ್ಲ.

ಮಲೆನಾಡಿನ ಕಾಡುಹಳ್ಳದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಆಳ ಮೊಣಕಾಲಿನಿಂದ ಸೊಂಟದ ತನಕ. ಕೆಂಪು ಕಳೆದುಹೋಗುವಷ್ಟು ನೀರೇ ಇರುವುದಿಲ್ಲ. ಬದಲಿಗೆ ದಡದ ಮರಗಳಿಂದ ಉದುರಿದ ಎಲೆಗಳು ತಿಂಗಳುಗಟ್ಟಲೆ ನೆನೆದು ಒಗರು ಬಿಡುತ್ತವೆ. ನೀರು ತಿಳಿಯಾಗಿಯೇ ಇದ್ದರೂ ತೆಳು ಚಹಾದ ಬಣ್ಣಕ್ಕಿರುತ್ತದೆ. ಈ ಒಗರು ನುಂಗುವುದು ನೀಲಿಯನ್ನು. ಹೀಗಾಗಿ ನೇತ್ರಾಣಿಯ ಚಿತ್ರಕ್ಕೆ ಕೆಂಪು ಸೇರಿಸಬೇಕು, ಹಳ್ಳದ ಚಿತ್ರದಲ್ಲಿ ಕಂದು ಹಳದಿಯನ್ನು ಇಳಿಸಬೇಕು. ಕಡಲಿನಲ್ಲಿ ಬಳಸುವ ಕೆಂಪು ಫಿಲ್ಟರನ್ನು ಯಾರೋ ಹೇಳಿದರೆಂದು ಹಳ್ಳಕ್ಕೆ ತಂದರೆ ಚಿತ್ರ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಮಳೆಗಾಲದಲ್ಲಂತೂ ಹೊಳೆಯ ನೀರು ಕೆಮ್ಮಣ್ಣು ಹೊತ್ತು ಹರಿಯುತ್ತದೆ. ಆಗ ಬೆಳಕು ಒಂದಡಿ ದಾಟುವುದೂ ಕಷ್ಟ.

ಬಣ್ಣದ ಜೊತೆಗೆ ಗಾತ್ರವೂ ಮೋಸ ಮಾಡುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33. ಕ್ಯಾಮೆರಾ ಕವಚದ ಮುಂದೆ ಚಪ್ಪಟೆ ಗಾಜಿದ್ದರೆ 1 ಮೀಟರ್ ದೂರದ ಮೀನು 75 ಸೆಂಟಿಮೀಟರ್ ದೂರದಲ್ಲಿ ಇದ್ದಂತೆ, ಅಂದರೆ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಅರ್ಧಗೋಳದ ಗಾಜು ಈ ಹಿಗ್ಗುವಿಕೆಯನ್ನು ತಡೆಯುತ್ತದೆ. ಮತ್ಸ್ಯಧಾಮಗಳ ಚಿತ್ರಗಳಲ್ಲಿ ಹೆಚ್ಚಿನವು ದಡದ ಮೇಲಿಂದಲೇ ತೆಗೆದವು. ಅಲ್ಲಿ ನೀರಿನ ಮೇಲಿನ ಹೊಳಪನ್ನು ತಗ್ಗಿಸುವುದು ಪೋಲರೈಸರ್ ಫಿಲ್ಟರ್. ಲೆನ್ಸ್ ಲಂಬದಿಂದ ಸುಮಾರು 53 ಡಿಗ್ರಿ ಓರೆಯಾಗಿದ್ದಾಗ ಅದರ ಕೆಲಸ ಚೆನ್ನಾಗಿ ನಡೆಯುತ್ತದೆ. ಒಬ್ಬರ ಚಿತ್ರದಲ್ಲಿ ಮೀನಿನ ಹುರುಪೆ ಎಣಿಸುವಷ್ಟು ಸ್ಪಷ್ಟವಾಗಿ ಕಾಣುವುದಕ್ಕೂ, ಪಕ್ಕದಲ್ಲೇ ನಿಂತು ತೆಗೆದ ಇನ್ನೊಬ್ಬರ ಚಿತ್ರದಲ್ಲಿ ಆಕಾಶವಷ್ಟೇ ಕಾಣುವುದಕ್ಕೂ ಕಾರಣ ಕ್ಯಾಮೆರಾದ ಬೆಲೆಯಲ್ಲ, ಈ ಫಿಲ್ಟರ್ ಮತ್ತು ಈ ಕೋನ.

ಫೈಲಿನಲ್ಲಿ ಉಳಿಯುವುದು, ಉಳಿಯದಿರುವುದು

ನೀರಡಿಯ ಛಾಯಾಗ್ರಹಣದಲ್ಲಿ ಹೇಗೆ ತೆಗೆದದ್ದು ಎಂದು ಹೇಳುವ ರೂಢಿ ಹಳೆಯದು. ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬೂತಾನ್ 1893ರಲ್ಲಿ ಸಮುದ್ರದೊಳಗೆ ಫೋಟೋ ತೆಗೆದಾಗ ಚಿತ್ರಗಳಷ್ಟೇ ವಿವರವಾಗಿ ತನ್ನ ಪೆಟ್ಟಿಗೆ, ದೀಪಗಳ ವಿಷಯವನ್ನೂ ಬರೆದಿಟ್ಟ. 1926ರಲ್ಲಿ ಲಾಂಗ್ಲಿ ಮತ್ತು ಮಾರ್ಟಿನ್ ಎಂಬಿಬ್ಬರು ಅಮೆರಿಕದ ಫ್ಲಾರಿಡಾ ಕಡಲಿನಲ್ಲಿ ಮೀನುಗಳ ಬಣ್ಣದ ಫೋಟೋ ತೆಗೆದದ್ದು ನೀರಿನ ಮೇಲೆ ತೇಲುವ ತೆಪ್ಪದಲ್ಲಿ ಮೆಗ್ನೀಸಿಯಂ ಪುಡಿ ಸಿಡಿಸಿ. ಬೆಳಕು ಎಲ್ಲಿಂದ ಬಂತು ಎಂಬುದು ಗೊತ್ತಾದ ಮೇಲೆಯೇ ಅಂಥ ಚಿತ್ರದ ಬಣ್ಣಕ್ಕೆ ಅರ್ಥ.

ಡಿಜಿಟಲ್ ಕಾಲದಲ್ಲಿ ಈ ಬರೆದಿಡುವ ಕೆಲಸವನ್ನು ಕ್ಯಾಮೆರಾವೇ ವಹಿಸಿಕೊಂಡಿತು. ಜಪಾನಿನಲ್ಲಿ 1995ರಲ್ಲಿ ರೂಪುಗೊಂಡ ಎಕ್ಸಿಫ್ ಎಂಬ ಮಾನದಂಡದ ಪ್ರಕಾರ ಪ್ರತಿ ಫೋಟೋ ಫೈಲಿನೊಳಗೆ ಶಟರ್ ವೇಗ, ಅಪರ್ಚರ್, ಐಎಸ್‌ಒ, ಲೆನ್ಸಿನ ಫೋಕಲ್ ಲೆಂಗ್ತ್, ಫ್ಲ್ಯಾಶ್ ಬಿದ್ದಿತೇ ಇಲ್ಲವೇ, ದಿನಾಂಕ, ವೇಳೆ ಎಲ್ಲವೂ ತಾವಾಗಿ ಸೇರುತ್ತವೆ. ಜಿಪಿಎಸ್ ಇದ್ದರೆ ಸ್ಥಳವೂ ಸೇರುತ್ತದೆ. 2016ರ ಪರಿಷ್ಕರಣೆಯಲ್ಲಿ ನೀರಿನ ಆಳಕ್ಕೂ ಒಂದು ಕಲಂ ಬಂತು. ಅದನ್ನು ತುಂಬುವುದು ಆಳ ಅಳೆಯಬಲ್ಲ ಕೆಲವು ಕ್ಯಾಮೆರಾಗಳು ಮಾತ್ರ. ವಾಟ್ಸ್‌ಆ್ಯಪ್ ಮೂಲಕ ಫೋಟೋವಾಗಿ ಕಳಿಸಿದಾಗ ಈ ವಿವರಗಳು ಉದುರಿಹೋಗುತ್ತವೆ. ಹಾಗಾಗಿ ಊರೂರು ಸುತ್ತಿ ಬಂದ ಚಿತ್ರಕ್ಕೆ ತಂದೆ ತಾಯಿ ಯಾರೆಂದೇ ಗೊತ್ತಿರುವುದಿಲ್ಲ.

ವಿವರಗಳು ಉಳಿದಾಗಲೂ ಅವು ಅರ್ಧ ಕತೆ. ಶಟರ್ 1/125, ಎಫ್ 8, ಐಎಸ್‌ಒ 200 ಎಂಬ ಮೂರು ಅಂಕಿಗಳನ್ನು ನೋಡಿ. ನೆಲದ ಮೇಲೆ ಬಿಸಿಲಿನಲ್ಲಿ ಇವಕ್ಕೆ ಒಂದು ನಿಶ್ಚಿತ ಅರ್ಥವಿದೆ. ನೀರಿನಡಿಯಲ್ಲಿ ಫ್ಲ್ಯಾಶ್ ಜೊತೆಗೂಡಿದರೆ ಇವುಗಳ ಕೆಲಸ ಹಂಚಿಹೋಗುತ್ತದೆ: ಹತ್ತಿರದ ಮೀನು ಎಷ್ಟು ಬೆಳಗಬೇಕೆಂದು ನಿರ್ಧರಿಸುವುದು ಫ್ಲ್ಯಾಶಿನ ಬಲ ಮತ್ತು ಅಪರ್ಚರ್; ಹಿಂದಿನ ನೀರು ತಿಳಿನೀಲಿಯೋ ಕಡುನೀಲಿಯೋ ಎಂದು ನಿರ್ಧರಿಸುವುದರಲ್ಲಿ ಶಟರಿನದು ದೊಡ್ಡ ಪಾಲು. ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇತ್ತೋ, ತೋಳಿನ ಮೇಲೆ ಅರ್ಧ ಮೀಟರ್ ಆಚೆ ಇತ್ತೋ ಎಂಬುದು ಫೈಲಿನಲ್ಲಿ ಇರುವುದಿಲ್ಲ. ಆದರೆ ಚಿತ್ರದ ಅಂದವನ್ನು ನಿರ್ಧರಿಸುವುದು ಅದೇ. ಲೆನ್ಸಿಗೆ ಅಂಟಿಕೊಂಡ ಫ್ಲ್ಯಾಶ್ ನಡುವಿನ ನೀರಿನಲ್ಲಿ ತೇಲುವ ಪ್ರತಿ ಕಣವನ್ನೂ ಬೆಳಗಿಸಿ ಚಿತ್ರದ ತುಂಬ ಹಿಮ ಸುರಿದಂತೆ ಮಾಡುತ್ತದೆ. ಬ್ಯಾಕ್‌ಸ್ಕ್ಯಾಟರ್ ಎನ್ನುವುದು ಇದಕ್ಕೆ. ಓರೆಯಿಂದ ಬಂದ ಬೆಳಕಿಗೆ ಈ ತೊಂದರೆ ಕಡಿಮೆ. ಮೀನು ಎಷ್ಟು ದೂರವಿತ್ತು, ನೀರು ಎಷ್ಟು ತಿಳಿಯಾಗಿತ್ತು, ಲೆನ್ಸಿನ ಮುಂದೆ ಫಿಲ್ಟರ್ ಇತ್ತೇ ಎಂಬುದನ್ನೂ ಯಂತ್ರ ಬರೆಯುವುದಿಲ್ಲ. ಇವನ್ನು ಬರೆಯಬೇಕಾದವರು ಮನುಷ್ಯರೇ.

ಅಂಕಿಗಳು ಸತ್ಯಕ್ಕೆ ಜಾಮೀನೂ ಅಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ 2017ರಲ್ಲಿ ಬಹುಮಾನ ಪಡೆದ ಇರುವೆಭಕ್ಷಕದ ಚಿತ್ರವೊಂದನ್ನು 2018ರಲ್ಲಿ ಅನರ್ಹಗೊಳಿಸಲಾಯಿತು. ಅದರಲ್ಲಿದ್ದದ್ದು ಒಳಗೆ ಅರಳೆ ತುಂಬಿ ನಿಲ್ಲಿಸಿದ ಪ್ರಾಣಿ ಎಂದು ತಜ್ಞರು ತೀರ್ಮಾನಿಸಿದ್ದರು. ಪ್ರಾಣಿ ಜೀವಂತವಾಗಿತ್ತೇ ಎಂಬುದನ್ನು ಶಟರ್ ವೇಗ ಹೇಳಲಾರದು. ಸೆಟ್ಟಿಂಗ್ ಹಂಚಿಕೊಂಡ ಮಾತ್ರಕ್ಕೆ ಪ್ರಾಮಾಣಿಕತೆ ಸಾಬೀತಾಗುವುದಿಲ್ಲ. ಆದರೆ ಪ್ರಾಮಾಣಿಕ ಚಿತ್ರವನ್ನು ಓದಲು ಸೆಟ್ಟಿಂಗ್ ಬೇಕೇ ಬೇಕು.

ಮೈಲುತುತ್ತದ ಪಾಠ

ಅಳತೆ ಹೇಳಿಕೊಡುವುದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದಕ್ಕೆ ಕೋಣಂದೂರು ಸೀಮೆಯ ತೋಟಗಳಲ್ಲೇ ನೂರು ವರ್ಷ ಮೀರಿದ ನಿದರ್ಶನವಿದೆ. ಅಡಿಕೆಯ ಕೊಳೆರೋಗಕ್ಕೆ ಹಿಂದೆ ಇದ್ದ ಉಪಾಯ ಗೊನೆಗೆ ಕೊಟ್ಟೆ ಕಟ್ಟುವುದು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಭ್ಯಾಸ ಮಾಡಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಪರಿಚಯಿಸಿ, 1910ರಲ್ಲಿ ಅದನ್ನು ಪ್ರಕಟಿಸಿದರು. ದ್ರಾವಣದ ಮೂಲ ಫ್ರಾನ್ಸಿನ ದ್ರಾಕ್ಷಿ ತೋಟ. ಅಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ 1885ರಲ್ಲಿ ಅದನ್ನು ಬಹಿರಂಗಪಡಿಸಿದ್ದ. ಎರಡೂ ಕಡೆ ಅಳತೆ ಗುಟ್ಟಾಗಿ ಉಳಿಯಲಿಲ್ಲ. ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬುದು ಇವತ್ತು ತೋಟ ಇರುವವರಿಗೆಲ್ಲ ಬಾಯಿಪಾಠ.

ಅಳತೆ ಎಲ್ಲರಿಗೂ ಗೊತ್ತಿದ್ದರೂ ಎಲ್ಲರ ತೋಟದಲ್ಲೂ ಫಲ ಒಂದೇ ಅಲ್ಲ. ಸುಣ್ಣದ ಗುಣ ಬೇರೆ, ಮಳೆ ಹಿಡಿಯುವ ಮುನ್ನ ಹೊಡೆದರೋ ಆಮೇಲೋ ಎಂಬುದು ಬೇರೆ, ಕೊನೆಗಾರನ ಕೈ ಬೇರೆ. ಈ ವ್ಯತ್ಯಾಸಗಳನ್ನು ಸರಿದೂಗಿಸಲು ತೋಟದಲ್ಲಿ ಒಂದು ಸರಳ ಪರೀಕ್ಷೆ ಇದೆ: ಉಜ್ಜಿ ಹೊಳಪು ತಂದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುವುದು. ಕತ್ತಿಗೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಬೆರೆಸಬೇಕು. ಹತ್ತದಿದ್ದರೆ ಹದ ಸರಿಯಾಗಿದೆ. ಒಂದಕ್ಕೊಂದು ನೂರು ಎಂಬ ಅಂಕಿ ದಾರಿ ತೋರಿಸುತ್ತದೆ. ಇವತ್ತಿನ ಸುಣ್ಣಕ್ಕೆ, ಇವತ್ತಿನ ನೀರಿಗೆ ಅದು ಹೊಂದಿತೇ ಎಂದು ಹೇಳುವುದು ಕತ್ತಿ.

ನೀರಡಿಯ ಫೋಟೋದಲ್ಲಿ ಈ ಕತ್ತಿಯ ಕೆಲಸ ಮಾಡುವುದು ಬಿಳಿ ಅಥವಾ ಬೂದು ಬಣ್ಣದ ಒಂದು ಪಟ್ಟಿ. ಮೀನಿರುವ ಆಳದಲ್ಲಿ, ಮೀನಿನಷ್ಟೇ ದೂರದಲ್ಲಿ, ಅದೇ ಬೆಳಕಿನಲ್ಲಿ ಪಟ್ಟಿಯ ಒಂದು ಫೋಟೋ ತೆಗೆದಿಟ್ಟುಕೊಂಡರೆ ಆ ಹೊತ್ತು ನೀರು ಯಾವ ಬಣ್ಣವನ್ನು ಎಷ್ಟು ನುಂಗಿತ್ತು ಎಂಬುದಕ್ಕೆ ಸಾಕ್ಷಿ ಸಿಗುತ್ತದೆ. ಮುಂದೆ ಎಡಿಟಿಂಗಿನಲ್ಲಿ ಪಟ್ಟಿ ಬಿಳಿಯಾಗುವಷ್ಟು ತಿದ್ದಿದರೆ ಮೀನಿನ ಬಣ್ಣವೂ ನಿಜಕ್ಕೆ ಹತ್ತಿರ ಬರುತ್ತದೆ. ಹವಳದ ಆರೋಗ್ಯ ನೋಡುವವರು ಇದೇ ತತ್ವವನ್ನು ಹಿಡಿದಿದ್ದಾರೆ: ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ರೂಪುಗೊಂಡ ಬಣ್ಣದ ಕಾರ್ಡನ್ನು ಹವಳದ ಪಕ್ಕ ಹಿಡಿದು ಹವಳ ಎಷ್ಟು ಬಿಳಿಚಿದೆ ಎಂದು ಹೋಲಿಸಲಾಗುತ್ತದೆ. ನೀರು ಏನೇ ಮಾಡಿದರೂ ಅದನ್ನು ಕಾರ್ಡಿಗೂ ಹವಳಕ್ಕೂ ಸಮನಾಗಿ ಮಾಡುತ್ತದೆ ಎಂಬುದು ಇಲ್ಲಿನ ಜಾಣ್ಮೆ. ಸೆಟ್ಟಿಂಗ್ ಹಂಚುವವರು ಪಟ್ಟಿ ಬಳಸಿದ್ದರೋ ಇಲ್ಲವೋ ಎಂದು ಹೇಳಿದರೆ, ಬಾಕಿ ಅಂಕಿಗಳನ್ನೆಲ್ಲ ಹೇಳಿದ್ದಕ್ಕಿಂತ ಹೆಚ್ಚು ಹೇಳಿದಂತೆ.

ಎಡಿಟಿಂಗ್: ತಿದ್ದಿದ್ದು, ಅಳಿಸಿದ್ದು

ನೀರಡಿಯ ಚಿತ್ರಕ್ಕೆ ಎಡಿಟಿಂಗ್ ಬೇಡವೆನ್ನುವುದು ಅರ್ಥವಿಲ್ಲದ ಮಾತು. ಕ್ಯಾಮೆರಾ ಜೆಪೆಗ್ ಆಗಿ ಉಳಿಸುವ ಚಿತ್ರದಲ್ಲೂ ಬಣ್ಣವನ್ನು ಯಂತ್ರ ತನ್ನ ಊಹೆಯಂತೆ ತಿದ್ದಿಯೇ ಇರುತ್ತದೆ, ಮತ್ತು ಆ ಊಹೆ ನೆಲದ ಮೇಲಿನ ಬೆಳಕಿಗೆ ಹೊಂದಿಸಿದ್ದು. ಕ್ಯಾಮೆರಾ ಹಿಡಿದದ್ದನ್ನು ತಿದ್ದದೆ ಉಳಿಸುವ ರಾ ಫೈಲಿನಲ್ಲಿ ಆಯ್ಕೆ ಮುಕ್ತವಾಗಿ ಉಳಿಯುತ್ತದೆ. ಅಲ್ಲಿ ವೈಟ್ ಬ್ಯಾಲೆನ್ಸ್ ಎಂಬುದು ಬರೀ ಒಂದು ಸೂಚನೆ, ಆಮೇಲೆ ಬದಲಾಯಿಸಬಹುದು. ಆದ್ದರಿಂದ ತಿದ್ದಿದರೇ ಎಂಬ ಪ್ರಶ್ನೆಗಿಂತ ಯಾವುದನ್ನು ಆಧಾರವಾಗಿಟ್ಟು ತಿದ್ದಿದರು ಎಂಬುದು ಮುಖ್ಯ.

ಇದು ಏಕೆ ಮುಖ್ಯವೆಂಬುದನ್ನು ಕಾವೇರಿಯ ಮಹಶೀರ್ ಮೀನಿನ ಉದಾಹರಣೆಯಿಂದ ತಿಳಿಯಬಹುದು. ಕಾವೇರಿ ತೀರದಲ್ಲಿ ಬಿಳಿಮೀನು ಎಂದು ಕರೆಯುವ ಬೆನ್ನುಬ್ಬಿನ ಮಹಶೀರ್ ಆ ನದೀ ವ್ಯವಸ್ಥೆಗೆ ಮಾತ್ರ ಸೀಮಿತವಾದದ್ದು. ಅದರ ಈಜುರೆಕ್ಕೆಗಳು ಕಿತ್ತಳೆ ಬಣ್ಣದವು. 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆದ ನೀಲಿ ರೆಕ್ಕೆಯ ಬೇರೊಂದು ಮಹಶೀರನ್ನು ಕಾವೇರಿಗೂ ತಂದು ಬಿಡಲಾಯಿತು. ಹೊಸತು ಹೆಚ್ಚಿತು, ಹಳತು ಕಡಿಮೆಯಾಯಿತು. ಗಾಳ ಹಾಕಿ ಹಿಡಿದು ಮತ್ತೆ ನೀರಿಗೆ ಬಿಡುತ್ತಿದ್ದ ಶಿಬಿರಗಳ ದಾಖಲೆಗಳು ಈ ಬದಲಾವಣೆಯನ್ನು ಬೆಳಕಿಗೆ ತಂದವು. ಬೆನ್ನುಬ್ಬಿನ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಸಲ್ಲುತ್ತದೆ ಎಂದು ಖಚಿತವಾದದ್ದು 2018ರಲ್ಲಿ. ಅಳಿವಿನಂಚಿನ ಅತಿ ಗಂಭೀರ ಪಟ್ಟಿಗೆ ಅದು ಸೇರಿದ್ದೂ ಅದೇ ವರ್ಷ.

ಈಗ ಯಾರೋ ಹೊಳೆಯೊಂದರಲ್ಲಿ ಮಹಶೀರಿನ ನೀರಡಿಯ ಫೋಟೋ ತೆಗೆದರೆಂದು ಇಟ್ಟುಕೊಳ್ಳೋಣ. ಮೂಲ ಚಿತ್ರದಲ್ಲಿ ಎಲ್ಲವೂ ಕಂದು. ಬಣ್ಣದ ಸ್ಲೈಡರನ್ನು ನೀಲಿಯ ಕಡೆ ಎಳೆದರೆ ನೀರು ತಂಪಾಗಿ ಸುಂದರವಾಗುತ್ತದೆ, ಜೊತೆಗೆ ರೆಕ್ಕೆಯೂ ನೀಲಿಗೆ ತಿರುಗುತ್ತದೆ. ಬೆಚ್ಚಗಿರಲೆಂದು ಹಳದಿಯ ಕಡೆ ಎಳೆದರೆ ರೆಕ್ಕೆ ಕಿತ್ತಳೆಯಾಗುತ್ತದೆ. ಬೆರಳಿನ ಒಂದು ಎಳೆತಕ್ಕೆ ಚಿತ್ರದಲ್ಲಿ ಮೀನಿನ ಜಾತಿಯೇ ಬದಲಾಗಬಹುದು. ಬೆನ್ನುಬ್ಬು, ಬಾಯಿಯ ಆಕಾರದಂಥ ಬೇರೆ ಗುರುತುಗಳೂ ಇವೆ ನಿಜ. ಆದರೆ ಮರಿಗಳಲ್ಲಿ, ಮಸುಕಾದ ಚಿತ್ರಗಳಲ್ಲಿ ಬಣ್ಣವೇ ಮೊದಲು ಮಾತನಾಡುತ್ತದೆ. ಬಿಳಿ ಪಟ್ಟಿ ನೋಡಿ ಬಣ್ಣ ಸರಿಪಡಿಸಿದೆ ಎಂಬ ಒಂದು ಸಾಲಿಗೂ, ಕಣ್ಣಿಗೆ ಹಿತವಾಗುವಂತೆ ಬದಲಾಯಿಸಿದೆ ಎಂಬ ಒಂದು ಸಾಲಿಗೂ ಇರುವ ಅಂತರ ಇಲ್ಲಿ ಗೊತ್ತಾಗುತ್ತದೆ. ಎರಡೂ ಒಪ್ಪಬಹುದಾದವೇ. ಆದರೆ ಮೀನಿನ ಜಾತಿ ಹೇಳಲು ನೆರವಾಗುವುದು ಮೊದಲನೆಯದು ಮಾತ್ರ.

ಬಣ್ಣ ತಿದ್ದುವುದಕ್ಕಿಂತ ಮುಂದಿನ ಹೆಜ್ಜೆ ಅಳಿಸುವುದು ಮತ್ತು ಸೇರಿಸುವುದು. ನೀರಿನ ಕಣಗಳನ್ನು ಅಳಿಸಿದರೆ ನೀರು ಇದ್ದದ್ದಕ್ಕಿಂತ ತಿಳಿಯಾಗಿ ಕಾಣುತ್ತದೆ. ಹೊಳೆಯ ಸ್ಥಿತಿಗತಿ ಹೇಳುವ ಚಿತ್ರದಲ್ಲಿ ಅದೇ ಸುಳ್ಳು ಸಾಕ್ಷಿ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ, 1971ರಿಂದ ನಡೆದುಬಂದ ಸಂಘಗಳ ಪರಂಪರೆಯಲ್ಲಿ ಸ್ಪರ್ಧೆಗಳ ನಿಸರ್ಗ ವಿಭಾಗಕ್ಕೆ ಪ್ರತ್ಯೇಕ ಶಿಸ್ತಿದೆ. ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟಗಳು 2014ರಲ್ಲಿ ಒಪ್ಪಿದ ನಿಸರ್ಗ ಚಿತ್ರದ ವ್ಯಾಖ್ಯೆಯ ಪ್ರಕಾರ ಕ್ರಾಪ್ ಮಾಡುವುದರ ಹೊರತಾಗಿ ಚಿತ್ರದಲ್ಲಿರುವುದನ್ನು ತೆಗೆಯುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಸ್ಪರ್ಧೆಯ ಹೊರಗೆ ಅಂಥ ನಿಯಮವಿಲ್ಲ, ಇರಬೇಕಾಗಿಯೂ ಇಲ್ಲ. ಬೇಕಾದದ್ದು ಮಾಡಿದ್ದನ್ನು ಹೇಳುವ ಅಭ್ಯಾಸ. ಕೃತಕ ಬುದ್ಧಿಮತ್ತೆಯ ಉಪಕರಣಗಳು ಇಲ್ಲದ ಹಿನ್ನೆಲೆಯನ್ನು ಕ್ಷಣದಲ್ಲಿ ಹುಟ್ಟಿಸುವ ಈ ದಿನಗಳಲ್ಲಿ ಚಿತ್ರದ ತಿದ್ದುಪಡಿ ಇತಿಹಾಸವನ್ನು ಫೈಲಿನೊಳಗೇ ಮುದ್ರೆಯೊತ್ತಿ ಇಡುವ ಸಿ2ಪಿಎ ಎಂಬ ಮಾನದಂಡಕ್ಕಾಗಿ 2021ರಿಂದ ಕಂಪನಿಗಳ ಒಕ್ಕೂಟ ಕೆಲಸ ಮಾಡುತ್ತಿದೆ. ಅದು ಎಲ್ಲ ಕ್ಯಾಮೆರಾಗಳಿಗೂ ಬರುವ ತನಕ ಕೈಯಲ್ಲಿ ಬರೆದ ಎರಡು ಸಾಲಿಗೆ ಪರ್ಯಾಯವಿಲ್ಲ.

ಆಕ್ಷೇಪಗಳು

ವಿವರ ಹಂಚಿಕೊಳ್ಳುವುದರ ವಿರುದ್ಧ ಮೂರು ಮಾತುಗಳು ಕೇಳಿಬರುತ್ತವೆ, ಮೂರರಲ್ಲೂ ಹುರುಳಿದೆ.

ಮೊದಲನೆಯದು ದುಡಿಮೆಯ ಮಾತು. ವರ್ಷಗಟ್ಟಲೆ ಮುಳುಗಿ ಕಲಿತದ್ದನ್ನು ಬಿಟ್ಟಿಯಾಗಿ ಏಕೆ ಹೇಳಬೇಕು? ನಾಟಿ ವೈದ್ಯರಲ್ಲೂ ಇಂಥ ನಂಬಿಕೆಯಿದೆ: ಬೇರು ಯಾವುದೆಂದು ಹೇಳಿದರೆ ಮದ್ದಿನ ಗುಣ ಹೋಗುತ್ತದೆ. ಇಲ್ಲಿ ಎರಡು ವಿಷಯಗಳನ್ನು ಬೇರೆ ಮಾಡಬೇಕು. ಏನು ಮಾಡಿದೆ ಎಂದು ತಿಳಿಸುವುದು ಒಂದು. ಹೇಗೆ ಮಾಡಬೇಕೆಂದು ಕಲಿಸುವುದು ಇನ್ನೊಂದು. ಬಣ್ಣ ಬದಲಿಸಿದೆ, ಕಣ ಅಳಿಸಿದೆ, ಮೀನು ಅಕ್ವೇರಿಯಂನದು ಎಂಬ ಮಾತುಗಳು ಮೊದಲ ಬಗೆಯವು. ಅವನ್ನು ಬಚ್ಚಿಡುವ ಹಕ್ಕು ಯಾರಿಗೂ ಇಲ್ಲ. ಯಾವ ಸ್ಲೈಡರ್ ಎಷ್ಟಕ್ಕೆ, ಫ್ಲ್ಯಾಶಿನ ತೋಳು ಯಾವ ಕೋನಕ್ಕೆ ಎಂಬುದು ಎರಡನೆಯ ಬಗೆ. ಅದನ್ನು ಹೇಳುವುದು ಔದಾರ್ಯ, ಹೇಳದಿದ್ದರೆ ತಪ್ಪಲ್ಲ, ತರಬೇತಿಯಾಗಿ ಮಾರಿದರೂ ನ್ಯಾಯವೇ. ಮದ್ದಿನಲ್ಲಿ ಏನಿದೆ ಎಂದು ತಿಳಿಯುವುದು ರೋಗಿಯ ಹಕ್ಕು. ಅರೆಯುವ ವಿದ್ಯೆ ವೈದ್ಯರ ಸ್ವತ್ತು.

ಎರಡನೆಯದು ಕಲೆಯ ಮಾತು. ಕವಿಯನ್ನು ಯಾವ ಲೇಖನಿ ಎಂದು ಯಾರೂ ಕೇಳುವುದಿಲ್ಲವಲ್ಲ, ಛಾಯಾಗ್ರಾಹಕರನ್ನು ಏಕೆ ಕೇಳಬೇಕು? ಚಿತ್ರ ತನ್ನನ್ನು ಕಲೆ ಎಂದು ಕರೆದುಕೊಂಡರೆ ಈ ಆಕ್ಷೇಪಕ್ಕೆ ಬಲವಿದೆ. ಆದರೆ ಅದರ ಕೆಳಗೆ ಮೀನಿನ ಹೆಸರು, ಹೊಳೆಯ ಹೆಸರು, ತಿಂಗಳು ಬಂದ ಕೂಡಲೇ ಚಿತ್ರ ಸಾಕ್ಷಿಯ ಕಟಕಟೆಗೆ ಬಂದು ನಿಂತಿರುತ್ತದೆ. ಸಾಕ್ಷಿ ಹೇಳುವವರು ಪ್ರಶ್ನೆಗೆ ಉತ್ತರ ಕೊಡಬೇಕು.

ಮೂರನೆಯದು ಕಲಿಯುವವರ ಮೇಲಿನ ಕಾಳಜಿ. ಅಂಕಿ ಕೊಟ್ಟರೆ ಹೊಸಬರು ಕಣ್ಣು ಮುಚ್ಚಿ ಅದನ್ನೇ ಹಾಕುತ್ತಾರೆ, ನೀರನ್ನು ನೋಡುವುದನ್ನೇ ಬಿಡುತ್ತಾರೆ. ಇದು ಬರೀ ಅಂಕಿ ಕೊಟ್ಟಾಗ ನಿಜ. ಶಟರ್ 1/60 ಎಂದಷ್ಟೇ ಬರೆದರೆ ಅದು ನಕಲಿಗೆ ಸಾಮಗ್ರಿ. ಮೋಡ ಕವಿದಿತ್ತು, ಹಿಂದಿನ ನೀರು ಕಪ್ಪಾಗದಿರಲೆಂದು 1/60ಕ್ಕೆ ಇಳಿಸಿದೆ ಎಂದು ಬರೆದರೆ ಅದು ಪಾಠ. ಕಾರಣ ಸೇರಿದ ಅಂಕಿ ನಕಲು ಮಾಡಿಸುವುದಿಲ್ಲ, ಯೋಚನೆ ಮಾಡಿಸುತ್ತದೆ.

ಹೇಳಬಾರದ ಒಂದು ವಿವರ

ಎಲ್ಲವನ್ನೂ ಹಂಚಿಕೊಳ್ಳಬೇಕೆಂಬ ಉತ್ಸಾಹದಲ್ಲಿ ಹೇಳಬಾರದ್ದನ್ನೂ ಹೇಳಿಬಿಡುವ ಅಪಾಯವಿದೆ. ಅದು ನಿಖರವಾದ ಸ್ಥಳ. ಮುಂಗಾರಿನ ಮೊದಲ ನೆರೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿ ಬರುವ ಹತ್ತುಮೀನು ಮೊಟ್ಟೆಯಿಡಲು ಹೊರಟದ್ದು. ಯಾವ ಹಳ್ಳ, ಯಾವ ತಿರುವು ಎಂಬುದು ಹಿಂದೆ ಆ ಊರಿನವರಿಗಷ್ಟೇ ಗೊತ್ತಿತ್ತು. ಹಿಡಿಯುತ್ತಿದ್ದುದು ಬಿದಿರಿನ ಕೂಣಿಯಲ್ಲಿ. ಫೋಟೋದೊಳಗಿನ ಜಿಪಿಎಸ್ ಅಂಕಿ ಅದನ್ನು ನೂರು ಮೈಲಿ ಆಚೆಯವರಿಗೂ ಮುಟ್ಟಿಸುತ್ತದೆ. ಬೇಸಿಗೆಯಲ್ಲಿ ಮಡುಗಳಿಗೆ ಸೇರಿಕೊಂಡ ದೊಡ್ಡ ಮೀನುಗಳಿಗೆ ತೋಟೆ ಹಾಕುವವರೂ, ನೀರಿಗೆ ವಿಷ ಬೆರೆಸುವವರೂ ಇದ್ದಾರೆ. 1897ರ ಮೀನುಗಾರಿಕೆ ಕಾಯ್ದೆಯೇ ಎರಡನ್ನೂ ನಿಷೇಧಿಸಿದ್ದರೂ ಅವು ನಿಂತಿಲ್ಲ. ಅಕ್ವೇರಿಯಂ ವ್ಯಾಪಾರಕ್ಕಾಗಿ ಹಿಡಿಯುವವರ ಹಾವಳಿಯಿಂದ ಪಶ್ಚಿಮ ಘಟ್ಟದ ಮಿಸ್ ಕೇರಳ ಎಂಬ ಕೆಂಪು ಪಟ್ಟೆಯ ಮೀನು ಅಪಾಯಕ್ಕೆ ಸಿಕ್ಕಿದ್ದು ತಿಳಿದ ಸಂಗತಿ. ಕೇರಳ ಸರ್ಕಾರ 2008ರಲ್ಲಿ ಅದನ್ನು ಹಿಡಿಯುವುದಕ್ಕೆ ನಿರ್ಬಂಧ ಹೇರಬೇಕಾಯಿತು.

ಸೆಟ್ಟಿಂಗಿಗೂ ಸ್ಥಳಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಶಟರ್ ವೇಗ ಎಷ್ಟು ಜನರಿಗೆ ಗೊತ್ತಾದರೂ ಮೀನಿಗೆ ನಷ್ಟವಿಲ್ಲ. ಸ್ಥಳ ಗೊತ್ತಾದಷ್ಟೂ ಮೀನಿಗೆ ಅಪಾಯ. ಜೀವಿಗಳ ದಾಖಲಾತಿಗಾಗಿ ಇರುವ ಐನ್ಯಾಚುರಲಿಸ್ಟ್ ವೇದಿಕೆ ಅಪಾಯದಲ್ಲಿರುವ ಜೀವಿಗಳ ಸ್ಥಳವನ್ನು 0.2 ಡಿಗ್ರಿಯ ಚೌಕದೊಳಗೆ ಮಸುಕು ಮಾಡುತ್ತದೆ. ನಮ್ಮ ಅಕ್ಷಾಂಶದಲ್ಲಿ ಅದರ ಒಂದು ಬದಿ ಸುಮಾರು 22 ಕಿಲೋಮೀಟರ್. ತಾಲ್ಲೂಕು ಗೊತ್ತಾಗುತ್ತದೆ, ಹಳ್ಳ ಗೊತ್ತಾಗುವುದಿಲ್ಲ. ಚಿತ್ರ ಹಾಕುವವರಿಗೂ ಇದೇ ಅಳತೆ ಸಾಕು: ತಾಲ್ಲೂಕು, ನದಿಯ ಹೆಸರು, ತಿಂಗಳು. ನಿಖರ ಸ್ಥಳ ಸಂಶೋಧಕರಿಗೆ ಬೇಕಾದರೆ ಅವರಿಗೆ ನೇರವಾಗಿ ಕೊಡಬಹುದು. ಚಿಪ್ಪಲಗುಡ್ಡೆಯಂಥ, ಎಲ್ಲರಿಗೂ ಗೊತ್ತಿರುವ ಮತ್ತು ಊರವರ ಭಕ್ತಿ ಕಾಯುವ ಜಾಗಗಳಿಗೆ ಈ ಮುಚ್ಚುಮರೆ ಬೇಕಿಲ್ಲ.

ಸ್ಥಳ ಮುಚ್ಚಿಟ್ಟರೂ ಜೀವಿಯನ್ನು ಹೇಗೆ ನಡೆಸಿಕೊಳ್ಳಲಾಯಿತು ಎಂಬುದನ್ನು ತೆರೆದಿಡಬೇಕು. ಉತ್ತರ ಕನ್ನಡದ ತೊರೆಗಳಲ್ಲಿ ಕಂಡುಬಂದು 2014ರಲ್ಲಿ ವೈಜ್ಞಾನಿಕವಾಗಿ ಹೆಸರು ಪಡೆದ ಕುಂಬಾರ ಕಪ್ಪೆ ರಾತ್ರಿ ಹೊತ್ತು ಕೈಯಿಂದ ಕೆಸರು ತಂದು ತನ್ನ ಮೊಟ್ಟೆಗಳಿಗೆ ಮೆತ್ತುತ್ತದೆ. ಅಂಥ ಹೊತ್ತಿನಲ್ಲಿ ಮುಖಕ್ಕೆ ಎಷ್ಟು ಬಾರಿ ಫ್ಲ್ಯಾಶ್ ಬಿತ್ತು, ಕಪ್ಪೆಯನ್ನು ಚಿತ್ರಕ್ಕಾಗಿ ಸರಿಸಲಾಯಿತೇ ಎಂಬುದು ಐಎಸ್‌ಒ ಅಂಕಿಗಿಂತ ಮುಂಚೆ ಬರಬೇಕಾದ ವಿವರ.

ಟಿಪ್ಪಣಿ ಹೇಗಿರಬೇಕು

ಇಷ್ಟೆಲ್ಲವನ್ನೂ ಹೇಳಲು ಪುಟಗಟ್ಟಲೆ ಬರೆಯಬೇಕಿಲ್ಲ. ಒಳ್ಳೆಯ ಟಿಪ್ಪಣಿಗೆ ನಾಲ್ಕು ಅಂಗ: ನೀರು, ಕ್ಯಾಮೆರಾ, ತಿದ್ದುಪಡಿ, ಜೀವಿ. ಮಾದರಿಗೆ ಹೀಗೆ:

ನೀರು: ತೀರ್ಥಹಳ್ಳಿ ತಾಲ್ಲೂಕಿನ ಕಾಡುಹಳ್ಳ, ಜನವರಿ, ಬೆಳಿಗ್ಗೆ 11 ಗಂಟೆ, ಮರದ ನೆರಳು. ಆಳ 60 ಸೆಂಟಿಮೀಟರ್. ನೀರು ತಿಳಿ, ತೆಳು ಚಹಾದ ಬಣ್ಣ.
ಕ್ಯಾಮೆರಾ: ಶಟರ್ 1/160, ಎಫ್ 4, ಐಎಸ್‌ಒ 800. ಫ್ಲ್ಯಾಶ್ ಇಲ್ಲ. ಚಪ್ಪಟೆ ಗಾಜು, ಮೀನಿನ ದೂರ ಸುಮಾರು 30 ಸೆಂಟಿಮೀಟರ್. ನೆರಳು ದಟ್ಟವಾಗಿದ್ದರಿಂದ ಐಎಸ್‌ಒ ಏರಿಸಿದ್ದು.
ತಿದ್ದುಪಡಿ: ಬಿಳಿ ಪಟ್ಟಿ ನೋಡಿ ಬಣ್ಣ ಸರಿಪಡಿಸಿದೆ. ಬಲಬದಿ ಕ್ರಾಪ್ ಮಾಡಿದೆ. ಕಣಗಳನ್ನು ಅಳಿಸಿಲ್ಲ.
ಜೀವಿ: ಮೀನನ್ನು ಮುಟ್ಟಿಲ್ಲ, ತಿಂಡಿ ಹಾಕಿ ಕರೆದಿಲ್ಲ.

ಬೇಡದವರು ಓದದೆ ಮುಂದೆ ಹೋಗಬಹುದು; ಬೇಕಾದವರಿಗೆ ಎಲ್ಲವೂ ಸಿಗುತ್ತದೆ. ಕಲಿಯುವವರು ಇದರಿಂದ ಕಾರಣ ಕಲಿಯುತ್ತಾರೆ. ಮೀನಿನ ಜಾತಿ ಗುರುತಿಸುವವರಿಗೆ ಬಣ್ಣವನ್ನು ಎಷ್ಟು ನಂಬಬೇಕೆಂದು ತಿಳಿಯುತ್ತದೆ. ಹತ್ತು ವರ್ಷದ ಮೇಲೆ ಅದೇ ಜನವರಿಯಲ್ಲಿ, ಸ್ಥಳವನ್ನು ನೇರವಾಗಿ ಕೇಳಿ ತಿಳಿದ ಇನ್ನೊಬ್ಬರು ಅದೇ ಹಳ್ಳದಲ್ಲಿ, ಅದೇ ಪಟ್ಟಿ ಹಿಡಿದು ಚಿತ್ರ ತೆಗೆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೀರು ಕೆಟ್ಟಿತೇ, ಮೀನು ಕಡಿಮೆಯಾಯಿತೇ ಎಂದು ಕೇಳಬಹುದು. ಟಿಪ್ಪಣಿಯಿಲ್ಲದ ಚಿತ್ರಗಳನ್ನು ಹಾಗೆ ಹೋಲಿಸಲಾಗದು. ಅವುಗಳ ನಡುವಿನ ವ್ಯತ್ಯಾಸ ಹಳ್ಳದ್ದೋ, ಸ್ಲೈಡರಿನದ್ದೋ ಎಂದು ಹೇಳುವವರು ಯಾರೂ ಇರುವುದಿಲ್ಲ.